ಚಿಪ್ಪಿನಲ್ಲಿ ಹೊಳೆಗೂ ಒಂದು ಪಾಲಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕರಾವಳಿಯ ಊರುಗಳ ಕಸ ವಿಲೇವಾರಿ ಕುರಿತು ನಿಮ್ಮ ಓದುಗರು ಕೆಲವು ವಾರಗಳಿಂದ ಬರೆಯುತ್ತಿರುವ ಪತ್ರಗಳನ್ನು ಓದುತ್ತಾ ಬಂದಿದ್ದೇನೆ. ಪ್ಲಾಸ್ಟಿಕ್ಕಿನ ಮಾತು ಬಂತು, ಮೀನು ಮಾರುಕಟ್ಟೆಯ ಕೊಳಕು ನೀರಿನ ಮಾತು ಬಂತು, ಹೋಟೆಲುಗಳ ಎಂಜಲಿನ ಮಾತೂ ಬಂತು. ಆದರೆ ಹಸಿ ಕಸವೆಂದು ಒಬ್ಬರು, ಒಣ ಕಸವೆಂದು ಇನ್ನೊಬ್ಬರು ವಾದಿಸಿ ಕೊನೆಗೆ ಯಾವ ಗಾಡಿಯೂ ಒಯ್ಯದೆ ಬಿಟ್ಟುಹೋಗುವ ಒಂದು ವಸ್ತುವಿನ ಹೆಸರು ಮಾತ್ರ ಯಾರ ಪತ್ರದಲ್ಲೂ ಕಾಣಲಿಲ್ಲ. ಕಲ್ವ, ಬಳಚು, ನೀಲಿಕಲ್ಲು ಎಂಬ ಚಿಪ್ಪಿನ ಜೀವಿಗಳ ಮಾಂಸ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಕುರಿತು ಹೇಳುತ್ತಿದ್ದೇನೆ. ಅದು ಕಸವೂ ಅಲ್ಲ, ಸುಣ್ಣದ ಗೂಡಿಗೆ ಮಾತ್ರ ಸಲ್ಲತಕ್ಕ ಕಚ್ಚಾ ಸರಕೂ ಅಲ್ಲ. ಅದರಲ್ಲಿ, ವಿಶೇಷವಾಗಿ ಕಲ್ವದ ಚಿಪ್ಪಿನಲ್ಲಿ, ಹೊಳೆಗೂ ಒಂದು ಪಾಲಿದೆ ಎಂಬುದನ್ನು ನಿಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಜನರ ಹಾಗೂ ಮೀನುಗಾರಿಕೆ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ. (ಗ್ರಂಥಗಳಲ್ಲಿ ಸಿಂಪಿ ಎಂದು ಕರೆಯುವುದನ್ನೇ ನಮ್ಮ ಕಡೆ ಕಲ್ವ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ.)

ನಾನು ವಿಜ್ಞಾನಿಯಲ್ಲ. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಮನೆ ಇರುವುದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ಅಳಿವೆಗೆ ಹತ್ತಿರ. ಮಗಳು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿರುವುದರಿಂದ ಹಿಂದಿನ ವರ್ಷ ಕೆಲವು ತಿಂಗಳು ಅಲ್ಲಿದ್ದೆ. ಆ ರಾಜ್ಯದ ರಾಜಧಾನಿ ಅನಾಪೊಲಿಸ್ ಚೆಸಪೀಕ್ ಕೊಲ್ಲಿಯ ದಡದಲ್ಲಿದೆ. ಒಂದು ಸಂಜೆ ಅಲ್ಲಿನ ಮೀನೂಟದ ಹೋಟೆಲೊಂದಕ್ಕೆ ಹೋದಾಗ, ಪಕ್ಕದ ಮೇಜಿನವರು ತಿಂದು ಬಿಟ್ಟ ಕಲ್ವದ ಚಿಪ್ಪುಗಳನ್ನು ಪರಿಚಾರಕ ಎಂಜಲು ತಟ್ಟೆಯೊಡನೆ ಒಯ್ಯದೆ, ನಿಂಬೆಯ ಸಿಪ್ಪೆಯನ್ನೂ ಸಾಸಿನ ಪುಟ್ಟ ಬಟ್ಟಲನ್ನೂ ಬೇರೆಯಿಟ್ಟು, ಚಿಪ್ಪನ್ನಷ್ಟೇ ಒಂದು ಬಕೆಟ್ಟಿಗೆ ಸುರಿದುಕೊಂಡು ಹೋದದ್ದನ್ನು ಕಂಡೆ. ಕೇಳಿದ್ದಕ್ಕೆ, ‘ಇವು ಕೊಲ್ಲಿಗೆ ವಾಪಸ್ ಹೋಗುತ್ತವೆ’ ಎಂದ. ಜೀವನವಿಡೀ ಜಮೆ-ಖರ್ಚು ಬರೆದವನಿಗೆ ಈ ವಾಪಸ್ ಎಂಬ ಮಾತು ಸುಮ್ಮನೆ ಬಿಡುವಂಥದ್ದಲ್ಲ. ಉಳಿದ ದಿನಗಳಲ್ಲಿ ಅದರ ಬೆನ್ನು ಹತ್ತಿ ನೋಡಿದ್ದು, ಓದಿದ್ದು, ಕೇಳಿದ್ದು ಈ ಪತ್ರಕ್ಕೆ ಆಧಾರ.

ಚಿಪ್ಪು ವಾಪಸ್ ಹೋಗಬೇಕಾದ ಕಾರಣ ಕಲ್ವದ ಹುಟ್ಟಿನಲ್ಲಿದೆ. ಕಲ್ವದ ಮರಿ ಎರಡು-ಮೂರು ವಾರ ನೀರಿನಲ್ಲಿ ತೇಲುತ್ತದೆ. ಬರಿಗಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಸಣ್ಣದು. ಆಮೇಲೆ ಅದಕ್ಕೊಂದು ಕಣ್ಣಿನ ಚುಕ್ಕೆಯೂ ತಡವರಿಸಿ ನೋಡುವುದಕ್ಕೆ ಒಂದು ಪಾದವೂ ಮೂಡಿ, ನೆಲೆ ಹುಡುಕುತ್ತ ತಳಕ್ಕಿಳಿಯುತ್ತದೆ. ಗಟ್ಟಿಯಾದ ಜಾಗ ಸಿಕ್ಕರೆ ತನ್ನ ಎಡ ಚಿಪ್ಪನ್ನು ಅದಕ್ಕೆ ಗಾರೆಯಂತೆ ಬೆಸೆದು ಕೂರುತ್ತದೆ. ಮತ್ತೆ ಸಾಯುವವರೆಗೆ ಅಲ್ಲಿಂದ ಕದಲುವುದಿಲ್ಲ. ಕೆಸರಿಗೆ ಬಿದ್ದರೆ ಉಸಿರು ಕಟ್ಟಿ ಸಾಯುತ್ತದೆ. ಗಟ್ಟಿ ಜಾಗಗಳಲ್ಲಿಯೂ ಅದಕ್ಕೆ ಎಲ್ಲಕ್ಕಿಂತ ಹಿತವಾದದ್ದು ಹಿರಿಯ ಕಲ್ವದ ಚಿಪ್ಪೇ. ಹೀಗೆ ಅಜ್ಜನ ಬೆನ್ನ ಮೇಲೆ ಅಪ್ಪ, ಅಪ್ಪನ ಬೆನ್ನ ಮೇಲೆ ಮಗ ಕೂತು ಶತಮಾನಗಳಲ್ಲಿ ಎದ್ದದ್ದು ಕಲ್ವದ ದಿಬ್ಬ. ಅದರ ಸಂದುಗಳಲ್ಲಿ ಏಡಿ, ಸಿಗಡಿ, ಮರಿಮೀನುಗಳು ಬದುಕುತ್ತವೆ. ಅದಕ್ಕೆ ಬಡಿದ ತೆರೆ ಬಲ ಕಳೆದುಕೊಂಡು ದಡ ಮುಟ್ಟುತ್ತದೆ. ಆದ್ದರಿಂದ ಕಲ್ವ ತೆಗೆದವರು ಚಿಪ್ಪನ್ನೂ ಊರಿಗೆ ಹೊತ್ತು ತಂದರೆ, ಬೆಳೆ ಕೊಯ್ದದ್ದಲ್ಲದೆ ಗದ್ದೆಯ ಮೇಲ್ಮಣ್ಣನ್ನೂ ಗಾಡಿಗೆ ತುಂಬಿಕೊಂಡು ಬಂದಂತಾಗುತ್ತದೆ.

ಚೆಸಪೀಕ್‌ನಲ್ಲಿ ನಡೆದದ್ದು ಅದೇ. ಅಂತರ್ಯುದ್ಧ ಮುಗಿದ ಮೇಲೆ ರೈಲು ಮತ್ತು ಡಬ್ಬಿ ಕಾರ್ಖಾನೆಗಳು ಕಲ್ವವನ್ನು ಒಳನಾಡಿಗೆಲ್ಲ ಮುಟ್ಟಿಸತೊಡಗಿದವು. ದೋಣಿಯ ಹಿಂದೆ ಕಬ್ಬಿಣದ ಹಲ್ಲಿನ ಬಲೆ ಕಟ್ಟಿ ತಳವನ್ನೇ ಕೆರೆದು ತರುವ ಪದ್ಧತಿ ಹರಡಿತು. ಕಳ್ಳತನ, ಗುಂಡಿನ ಕಾಳಗಗಳು ಎಷ್ಟು ಹೆಚ್ಚಿದವೆಂದರೆ, 1868ರಲ್ಲಿ ಮೇರಿಲ್ಯಾಂಡ್ ಸರ್ಕಾರ ಕಲ್ವದ ಕಾವಲಿಗೆಂದೇ ಒಂದು ಜಲಪೊಲೀಸ್ ಪಡೆ ಕಟ್ಟಬೇಕಾಯಿತು. 1884-85ರ ಒಂದೇ ಹಂಗಾಮಿನಲ್ಲಿ ಆ ರಾಜ್ಯದಲ್ಲಿ ತೆಗೆದ ಕಲ್ವ ಸುಮಾರು ಒಂದೂವರೆ ಕೋಟಿ ಬುಶೆಲ್. ಬುಶೆಲ್ ಎಂದರೆ ನಮ್ಮ ದೊಡ್ಡ ಬೆತ್ತದ ಬುಟ್ಟಿಯಂಥ ಒಂದು ಅಳತೆ. ಈಚಿನ ವರ್ಷಗಳಲ್ಲಿ ಅದು ಕೆಲವು ಲಕ್ಷಗಳಿಗೆ ಇಳಿದಿದೆ. ತೆಗೆದ ಚಿಪ್ಪು ರಸ್ತೆಗೆ ಹೋಯಿತು, ರೈಲು ಹಳಿಯ ಕೆಳಗೆ ಹೋಯಿತು, ಸುಣ್ಣವಾಯಿತು, ಪುಡಿಯಾಗಿ ಕೋಳಿಗಳ ಹೊಟ್ಟೆ ಸೇರಿತು. ದಿಬ್ಬಗಳು ತಗ್ಗಿ ಹೂಳಿನಲ್ಲಿ ಮುಳುಗಿದವು. ಇಪ್ಪತ್ತನೆಯ ಶತಮಾನದ ನಡುವೆ ಡರ್ಮೋ ಮತ್ತು ಎಂಎಸ್‌ಎಕ್ಸ್ ಎಂಬ ಎರಡು ರೋಗಗಳು ಬಂದು ಉಳಿದದ್ದನ್ನೂ ಕೊಂದವು. ತಿನ್ನುವ ಮನುಷ್ಯನಿಗೆ ಅವುಗಳಿಂದ ಕೇಡಿಲ್ಲ, ಕಲ್ವಕ್ಕೆ ಮಾತ್ರ ಮಾರಿ. ಈಗ ಆ ಕೊಲ್ಲಿಯಲ್ಲಿ ಇರುವುದು ಹಿಂದಿನ ಸಂಪತ್ತಿನ ನೂರರಲ್ಲಿ ಒಂದೆರಡು ಪಾಲು ಎಂಬುದು ಬಲ್ಲವರ ಅಂದಾಜು.

ಇದರಿಂದ ಕೆಟ್ಟದ್ದು ಮೀನುಗಾರರ ಸಂಪಾದನೆಯೊಂದೇ ಅಲ್ಲ. ಕಲ್ವ ತಿನ್ನುವುದು ನೀರಿನಲ್ಲಿ ತೇಲುವ ಪಾಚಿಯ ಕಣಗಳನ್ನು. ತಿನ್ನುವುದಕ್ಕಾಗಿ ಅದು ನೀರನ್ನು ಸೋಸುತ್ತದೆ. ಬಿಸಿ, ಉಪ್ಪು ಎಲ್ಲ ಹದವಾಗಿದ್ದರೆ ಬಲಿತ ಒಂದು ಕಲ್ವ ದಿನಕ್ಕೆ ಸುಮಾರು 190 ಲೀಟರ್‌ವರೆಗೆ ಸೋಸಬಲ್ಲದು. ಹಿಂದೆ ಇದ್ದಷ್ಟು ಕಲ್ವ ಇಡೀ ಕೊಲ್ಲಿಯ ನೀರನ್ನು ನಾಲ್ಕೈದು ದಿನದೊಳಗೆ ಸೋಸುತ್ತಿತ್ತು, ಉಳಿದಷ್ಟಕ್ಕೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು ಎಂದು 1988ರಲ್ಲಿ ಒಬ್ಬ ವಿಜ್ಞಾನಿ ಹಾಕಿದ ಲೆಕ್ಕವನ್ನು ಅಲ್ಲಿ ಶಾಲೆಯ ಮಕ್ಕಳೂ ಹೇಳುತ್ತಾರೆ. ಅಂದಾಜಿನ ಲೆಕ್ಕವೆಂದೇ ಇಟ್ಟುಕೊಂಡರೂ ಅಂತರ ಎಷ್ಟೆಂಬುದು ತಿಳಿಯುತ್ತದೆ.

ಈಗ ಚಿಪ್ಪಿನ ವಾಪಸಾತಿಯ ವಿಷಯ. ಆಯ್ಸ್ಟರ್ ರಿಕವರಿ ಪಾರ್ಟ್‌ನರ್‌ಶಿಪ್ ಎಂಬ ಲಾಭರಹಿತ ಸಂಸ್ಥೆ 2010ರಲ್ಲಿ ಹೋಟೆಲು, ಮೀನು ವ್ಯಾಪಾರಿಗಳನ್ನು ಸೇರಿಸಿ ಚಿಪ್ಪು ಸಂಗ್ರಹದ ಒಂದು ಕೂಟ ಕಟ್ಟಿತು. ವಾರದ ಗೊತ್ತಾದ ದಿನ ಗಾಡಿ ಬಂದು ಚಿಪ್ಪು ತುಂಬಿದ ಡಬ್ಬವನ್ನು ಒಯ್ದು ತೊಳೆದ ಖಾಲಿ ಡಬ್ಬ ಇಟ್ಟು ಹೋಗುತ್ತದೆ. ಮನೆಯವರು ತಂದು ಹಾಕಲು ಬೇರೆ ಕೇಂದ್ರಗಳಿವೆ. ಕೊಟ್ಟ ಚಿಪ್ಪಿನ ಲೆಕ್ಕ ತೋರಿಸಿದರೆ ರಾಜ್ಯ ಸರ್ಕಾರ ಬುಶೆಲ್ಲಿಗೆ ಇಷ್ಟು ಎಂದು ವರಮಾನ ತೆರಿಗೆಯಲ್ಲಿ ರಿಯಾಯಿತಿ ಕೊಡುವ ವ್ಯವಸ್ಥೆಯನ್ನೂ ಮಾಡಿತ್ತು. ನನಗೆ ಬಹಳ ಮೆಚ್ಚುಗೆಯಾದದ್ದು ಈ ತೆರಿಗೆಯ ಉಪಾಯ. ಪರಿಸರದ ಮೇಲಿನ ಪ್ರೀತಿಯಿಂದ ಒಂದು ತಿಂಗಳು ಚಿಪ್ಪು ಆರಿಸುವ ಹೋಟೆಲಿನವರು ಎರಡನೆಯ ತಿಂಗಳೂ ಆರಿಸುವಂತೆ ಮಾಡುವುದು ರಸೀದಿಯೇ.

ತಂದ ಚಿಪ್ಪನ್ನು ನೇರವಾಗಿ ನೀರಿಗೆ ಸುರಿಯುವುದಿಲ್ಲ. ಈ ಅಂಶವನ್ನು ನಮ್ಮವರು ಚೆನ್ನಾಗಿ ಗಮನಿಸಬೇಕು. ಅದನ್ನು ಬಯಲಿನಲ್ಲಿ ಹರಡಿ ಸುಮಾರು ಒಂದು ವರ್ಷ ಬಿಸಿಲು, ಮಳೆ, ಹಿಮಕ್ಕೆ ಬಿಡುತ್ತಾರೆ. ಅಂಟಿದ ಮಾಂಸವೆಲ್ಲ ಕೊಳೆತು ಹೋಗಿ, ಬೇರೆ ನೀರಿನಿಂದ ಬಂದ ರೋಗಾಣುಗಳು ಸತ್ತ ಮೇಲೆ ತೊಳೆಯುತ್ತಾರೆ. ಕೇಂಬ್ರಿಡ್ಜ್ ಎಂಬ ಊರಿನಲ್ಲಿ (ಇಂಗ್ಲೆಂಡಿನದಲ್ಲ, ಮೇರಿಲ್ಯಾಂಡಿನದೇ) ವಿಶ್ವವಿದ್ಯಾಲಯದ ಹಾರ್ನ್ ಪಾಯಿಂಟ್ ಪ್ರಯೋಗಾಲಯವಿದ್ದು, ಅಲ್ಲಿ ಕಲ್ವದ ಮರಿ ಮಾಡಿಸುತ್ತಾರೆ. ಚಿಪ್ಪು ತುಂಬಿದ ಜಾಲರಿಗಳನ್ನು ದೊಡ್ಡ ತೊಟ್ಟಿಗಳಲ್ಲಿ ಇಳಿಸಿ ಮರಿಗಳನ್ನು ನೀರಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಅವು ಚಿಪ್ಪಿಗೆ ಅಂಟುತ್ತವೆ. ಹಾಗೆ ಮರಿ ಹಿಡಿದ ಒಂದು ಚಿಪ್ಪನ್ನು ನನ್ನ ಅಂಗೈಯಲ್ಲಿಟ್ಟು ತೋರಿಸಿದರು. ಒಳಮೈ ಇನ್ನೂ ಬಿಳಿಯಾಗಿಯೇ ಇತ್ತು. ಅದರ ಮೇಲೆ ಸಾಸಿವೆ ಸಿಡಿದು ಅಂಟಿದ ಹಾಗೆ ಕಂದು ಚುಕ್ಕೆಗಳು. ಎಣಿಸಿದೆ, ಹದಿನಾಲ್ಕು ಇದ್ದವು. ಬೆರಳಿನಿಂದ ಉಜ್ಜಿದರೆ ಬರಲಿಲ್ಲ, ಉಗುರಿನಿಂದಲೂ ಅಲುಗಲಿಲ್ಲ. ಯಾರೋ ನಿಂಬೆ ಹಿಂಡಿ ತಿಂದು ಬಿಟ್ಟ ಒಂದು ಚಿಪ್ಪಿಗೆ ಹದಿನಾಲ್ಕು ಒಕ್ಕಲು!

ಈ ಮರಿಚಿಪ್ಪುಗಳನ್ನು ದೋಣಿಯಲ್ಲಿ ಒಯ್ದು ಗುರುತು ಮಾಡಿದ ಜಾಗಗಳಲ್ಲಿ ಬಿತ್ತುತ್ತಾರೆ. ಹ್ಯಾರಿಸ್ ಕ್ರೀಕ್ ಎಂಬ ಒಂದೇ ಉಪನದಿಯಲ್ಲಿ 2015ರ ಹೊತ್ತಿಗೆ ಸುಮಾರು 350 ಎಕರೆ ತಳದಲ್ಲಿ 200 ಕೋಟಿಗೂ ಮಿಕ್ಕಿ ಮರಿಗಳನ್ನು ಬಿತ್ತಿ ಮುಗಿಸಿದ್ದರು. ಅಲ್ಲಿ ಕಲ್ವ ತೆಗೆಯುವುದಕ್ಕೆ ನಿಷೇಧವಿದೆ. ಹತ್ತು ಉಪನದಿಗಳನ್ನು 2025ರೊಳಗೆ ಹೀಗೆ ಸರಿಪಡಿಸಬೇಕೆಂದು ಕೊಲ್ಲಿಯ ಸುತ್ತಲಿನ ರಾಜ್ಯಗಳೂ ಕೇಂದ್ರ ಸರ್ಕಾರವೂ 2014ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ನ್ಯೂಯಾರ್ಕ್ ಬಂದರಿನಲ್ಲಿಯೂ 2014ರಿಂದ ಇಂಥದೇ ಕೆಲಸ ನಡೆಯುತ್ತಿದೆ, 2035ರೊಳಗೆ 100 ಕೋಟಿ ಕಲ್ವ ಎಂಬುದು ಅವರ ಗುರಿ. ಆದರೆ ಆ ನೀರಿಗೆ ಊರಿನ ಚರಂಡಿ ಸೇರುವುದರಿಂದ ಅಲ್ಲಿನ ಕಲ್ವವನ್ನು ಯಾರೂ ತಿನ್ನುವಂತಿಲ್ಲ.

ಅಲ್ಲಿ ಎಲ್ಲವೂ ಸಲೀಸಾಗಿ ನಡೆಯಿತೆಂದು ಬರೆದರೆ ತಪ್ಪಾಗುತ್ತದೆ. ಮೊದಲನೆಯದಾಗಿ ಚಿಪ್ಪು ಸಾಲಲಿಲ್ಲ. ನೂರು ವರ್ಷ ರಸ್ತೆಗೆ ಸುರಿದದ್ದನ್ನು ಹೋಟೆಲಿನ ಬಕೆಟ್ಟುಗಳಿಂದ ತುಂಬಿಕೊಡುವುದು ಸಾಧ್ಯವೇ? ಹಾಗಾಗಿ ಕೆಲವೆಡೆ ತಳಕ್ಕೆ ಜಲ್ಲಿಕಲ್ಲು ಹಾಕಿದರು. ಏಡಿ ಹಿಡಿಯುವವರು ಎರೆ ಕಟ್ಟಿದ ಉದ್ದನೆಯ ಹಗ್ಗವನ್ನು ತಳದುದ್ದಕ್ಕೂ ಬಿಡುತ್ತಾರೆ. ಅದು ಕಲ್ಲಿಗೆ ಸಿಕ್ಕಿ ಹರಿಯಿತು, ದೋಣಿಗಳಿಗೂ ಪೆಟ್ಟಾಯಿತು ಎಂದು ದೂರು ಬಂತು. ಟ್ರೆಡ್ ಏವನ್ ನದಿಯಲ್ಲಿ 2016ರ ಆರಂಭದಲ್ಲಿ ರಾಜ್ಯ ಸರ್ಕಾರವೇ ಕೆಲಸ ನಿಲ್ಲಿಸುವಂತೆ ಕೇಳಿಕೊಂಡು, ಮಾತುಕತೆಯಾದ ಮೇಲೆ ಮುಂದುವರಿಯಿತು. ಹೊಳೆಯನ್ನೇ ನಂಬಿದವರನ್ನು ಮೊದಲು ಕೂರಿಸಿ ಕೇಳದಿದ್ದರೆ ಒಳ್ಳೆಯ ಕೆಲಸವೂ ನಿಂತುಹೋಗುತ್ತದೆ ಎಂಬುದಕ್ಕೆ ಅಮೆರಿಕದ ತನಕ ಹೋಗಬೇಕಾಗಿರಲಿಲ್ಲ, ನಮ್ಮ ಜಿಲ್ಲೆಯಲ್ಲೇ ಉದಾಹರಣೆಗಳಿವೆ.

ನಮ್ಮ ಹೊಳೆಯ ವಿಷಯಕ್ಕೆ ಬರುತ್ತೇನೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಇದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿತು. ಚಿಪ್ಪಿನ ಜೀವಿಗಳನ್ನು ಹೆಕ್ಕಿ ಬದುಕುವವರು ಈ ಅಳಿವೆಯ ಎರಡೂ ದಂಡೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ವರ್ಷಕ್ಕೆ ಸುಮಾರು 22 ಸಾವಿರ ಟನ್ ಉತ್ಪತ್ತಿಯೆಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆ ಅಧ್ಯಯನ ಮಾಡಿ ಹೇಳಿದ್ದರು. ನೀರು ಇಳಿದ ಹೊತ್ತಿನಲ್ಲಿ ಸೊಂಟದ ತನಕ ನಿಂತು ಕಾಲಿನಲ್ಲೇ ತಡಕಿ ಬಳಚು ಎತ್ತುವ ಹೆಂಗಸರನ್ನು ಸೇತುವೆಯ ಮೇಲೆ ಹೋಗುವ ಯಾರಾದರೂ ನೋಡಬಹುದು. ಈ ರಾಶಿಯಲ್ಲಿ ಬಹುಪಾಲು ಬಳಚು, ಕಲ್ವ ಕಡಿಮೆ.

ಇಲ್ಲಿಯೇ ಒಂದು ಎಚ್ಚರ ಬೇಕು. ಬಳಚಿನ ಸ್ವಭಾವ ಬೇರೆ, ಕಲ್ವದ ಸ್ವಭಾವ ಬೇರೆ. ಬಳಚು ಮರಳು ಬೆರೆತ ಕೆಸರಿನೊಳಗೆ ಹುದುಗಿ ಬದುಕುವಂಥದ್ದು. ಅದಕ್ಕೆ ಬೇಕಾದ್ದು ಮರಳು, ಅಂದರೆ ಮರಳು ಲಾರಿಗಳು ದೂರವಿರುವುದು. ಕಲ್ವಕ್ಕೆ ಬೇಕಾದ್ದು ಗಟ್ಟಿ ನೆಲ. ಚೆಸಪೀಕ್‌ನಲ್ಲಿ ಮಾಡಿದರೆಂದು ನಾವು ಉತ್ಸಾಹದಿಂದ ಚಿಪ್ಪಿನ ರಾಶಿಯನ್ನು ಬಳಚಿನ ಹಾಸಿನ ಮೇಲೆ ಸುರಿದರೆ, ಇರುವ ಅನ್ನವನ್ನೂ ಕಲ್ಲಿನಡಿ ಹೂತಂತೆ. ಈಗ ನಮ್ಮ ಕಲ್ವ ಎಲ್ಲಿದೆ ಎಂದು ನೋಡಿ: ಸೇತುವೆಯ ಕಂಬಕ್ಕೆ, ಧಕ್ಕೆಯ ಕಲ್ಲಿಗೆ, ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ಕಟ್ಟಿನ ಚಿರೆಕಲ್ಲಿಗೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿಗೆ. ಎಲ್ಲಿ ಗಟ್ಟಿ ಜಾಗ ಸಿಕ್ಕಿದೆಯೋ ಅಲ್ಲೆಲ್ಲ ಅದು ಹತ್ತಿ ಕೂತಿದೆ. ಹೊಳೆಯಲ್ಲಿ ಮರಿಗಳಿಗೆ ಬರವಿಲ್ಲ, ಕೂರುವ ಮಣೆಗೆ ಬರವಿದೆ ಎಂದು ಇದರಿಂದ ನನಗೆ ಅನ್ನಿಸುತ್ತದೆ. ಹಾಗಿದ್ದರೆ ನಮಗೆ ಮರಿ ಮಾಡಿಸುವ ಪ್ರಯೋಗಾಲಯವೂ ಬೇಕಾಗಲಿಕ್ಕಿಲ್ಲ.

ಇದು ಬರಿಯ ಊಹೆಯೂ ಅಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೂತುಕುಡಿಯಲ್ಲಿ ಹಿಂದೆಯೇ ಪ್ರಯೋಗ ಮಾಡಿ, ಆಮೇಲೆ ಕೇರಳದ ಹಿನ್ನೀರುಗಳಲ್ಲಿ ಹರಡಿದ ಕಲ್ವ ಸಾಕಣೆಯ ಪದ್ಧತಿಯಲ್ಲಿ, ಖಾಲಿ ಕಲ್ವದ ಚಿಪ್ಪಿಗೆ ತೂತು ಕೊರೆದು ನೈಲಾನ್ ಹಗ್ಗಕ್ಕೆ ಪೋಣಿಸಿ, ಆ ಸರಗಳನ್ನು ನೀರಿನಲ್ಲಿ ನಿಲ್ಲಿಸಿದ ಕಂಬದ ಚಪ್ಪರಕ್ಕೆ ಇಳಿಬಿಡುತ್ತಾರೆ. ಮಳೆಗಾಲ ಮುಗಿದು ನೀರಿಗೆ ಮತ್ತೆ ಉಪ್ಪು ಏರಿದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಹೊಳೆಯ ಮರಿಗಳೇ ಬಂದು ಆ ಚಿಪ್ಪುಗಳಿಗೆ ಹತ್ತುತ್ತವೆ. ಮುಂದಿನ ಮಳೆಗಾಲದೊಳಗೆ ಬೆಳೆ ಕೈಗೆ ಬರುತ್ತದೆ. ಅಂದರೆ ಹಳೆಯ ಚಿಪ್ಪಿಗೆ ಹೊಸ ಮರಿ ಕೂರುತ್ತದೆ ಎಂಬುದು ಇದೇ ಅರಬ್ಬಿ ಸಮುದ್ರದ ಅಳಿವೆಗಳಲ್ಲಿ ರುಜುವಾತಾದ ಮಾತು. ಆ ಸಂಸ್ಥೆಯ ಕೇಂದ್ರಗಳು ಮಂಗಳೂರಿನಲ್ಲೂ ಕಾರವಾರದಲ್ಲೂ ಇವೆ.

ಚಿಪ್ಪು ಸುಣ್ಣದ ಗೂಡಿಗೆ ಹೋಗದಿದ್ದರೆ ಸುಣ್ಣ ಸುಡುವವರ ಗತಿಯೇನು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಮಾತೇ. ನಮ್ಮ ಕಡೆಯ ಎಲೆ ಅಡಿಕೆಗೆ ಚಿಪ್ಪು ಸುಣ್ಣವೇ ರುಚಿ, ನಾನೂ ಅದನ್ನೇ ಹಚ್ಚುವವನು. ಎಲ್ಲ ಚಿಪ್ಪನ್ನೂ ಹೊಳೆಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಬಳಚಿನ ಚಿಪ್ಪು ತೆಳು, ಸಣ್ಣದು, ನೀರಿನ ಸೆಳೆತಕ್ಕೆ ಉರುಳುತ್ತದೆ. ಅದು ಗೂಡಿಗೇ ಇರಲಿ. ದಪ್ಪನೆಯ, ಒರಟು ಮೈಯ ಕಲ್ವದ ಚಿಪ್ಪನ್ನು ಮಾತ್ರ ಬೇರೆ ಇಡೋಣ. ಅದು ಒಟ್ಟು ರಾಶಿಯಲ್ಲಿ ಸಣ್ಣ ಪಾಲು, ಸುಡುವವರಿಗೂ ದೊಡ್ಡ ನಷ್ಟವಲ್ಲ. ಆದರೆ ಹೊಳೆಯ ತಳವನ್ನೇ ಯಂತ್ರದಿಂದ ಅಗೆದು ಹೂತಿರುವ ಹಳೆಯ ಚಿಪ್ಪನ್ನು ಲಾರಿಗಟ್ಟಲೆ ಸಾಗಿಸುವುದನ್ನು ಈ ಬಡ ಗೂಡುಗಳ ಜೊತೆ ಒಂದೇ ತಕ್ಕಡಿಗೆ ಹಾಕಬಾರದು. ಮೇರಿಲ್ಯಾಂಡಿನವರೂ 1960ರಿಂದ 2006ರವರೆಗೆ ಹೂತ ಚಿಪ್ಪನ್ನು ಅಗೆದರು. ಒಂದು ವ್ಯತ್ಯಾಸವೆಂದರೆ, ಅವರು ಅಗೆದದ್ದನ್ನು ಮತ್ತೆ ಕೊಲ್ಲಿಯಲ್ಲೇ ಹರಡಿದರು.

ಹೋಟೆಲಿನವರು ಒಪ್ಪುತ್ತಾರೆಯೇ? ಊರಿಗೆ ಬಂದ ಮೇಲೆ ಹೆದ್ದಾರಿಯ ಪಕ್ಕದ ಒಂದು ಹೋಟೆಲಿನ ಯಜಮಾನರನ್ನು ವಿಚಾರಿಸಿದೆ. ‘ಮಾರಾಯರೇ, ನಾನು ಅದನ್ನು ರಾತ್ರಿ ಹೊತ್ತು ಗದ್ದೆಯ ಅಂಚಿಗೆ ಹಾಕಿಸಿ ಬೈಗುಳ ತಿನ್ನುತ್ತಿದ್ದೇನೆ, ನೀವು ಒಯ್ಯುವುದಾದರೆ ಚೀಲ ನಾನೇ ಕೊಡುತ್ತೇನೆ’ ಎಂದರು. ಸ್ಥಳೀಯ ಕಚೇರಿಯೊಂದರಲ್ಲಿ ಇದೇ ವಿಷಯ ಎತ್ತಿದಾಗ ಮಾತ್ರ, ಚಿಪ್ಪು ಗಣಿ ಇಲಾಖೆಯದೋ ಮೀನುಗಾರಿಕೆಯದೋ ಘನತ್ಯಾಜ್ಯದ್ದೋ ಎಂಬುದು ಮೊದಲು ತೀರ್ಮಾನವಾಗಬೇಕೆಂಬ ಉತ್ತರ ಸಿಕ್ಕಿತು. ಮೂರು ಸಲ ಹೋದೆ. ಮೂರು ಸಲವೂ ತೀರ್ಮಾನವಾಗಿರಲಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಬಳಚಿನ ಹಾಸಿಲ್ಲದ, ದೋಣಿ ಓಡಾಡದ, ಬಲೆ ಬೀಳದ ಒಂದು ಮೂಲೆಯನ್ನು ಬಳಚು ಹೆಕ್ಕುವ ಹೆಂಗಸರಿಂದಲೇ ಕೇಳಿ ಗೊತ್ತುಮಾಡಿ, ಕಾರವಾರದ ಕೇಂದ್ರದವರ ಸಲಹೆ ಪಡೆದು, ಕರಾವಳಿ ನಿಯಂತ್ರಣ ವಲಯದ ಅನುಮತಿಯೊಡನೆ ಒಂದೆರಡು ಗುಂಟೆಯಷ್ಟು ಜಾಗದಲ್ಲಿ ಪ್ರಯೋಗ ಮಾಡಲಿ. ಚಿಪ್ಪನ್ನು ಬಲೆಯ ಚೀಲಗಳಲ್ಲಿ ತುಂಬಿ ಇಟ್ಟರೆ ಮಳೆಗಾಲದ ನೆರೆಗೆ ಚದುರಿ ಹೋಗದು. ಆದರೆ ಪ್ಲಾಸ್ಟಿಕ್ ಬಲೆ ಬೇಡ, ತೆಂಗಿನ ನಾರಿನ ಬಲೆ ಹೆಣೆಯುವ ಕೈಗಳು ಇಲ್ಲೇ ಇವೆ. ಬೇರೆ ರಾಜ್ಯದಿಂದ ಬಂದ ಕಲ್ವದ ಚಿಪ್ಪಾದರೆ ಪೂರಾ ಒಂದು ವರ್ಷ ಒಣಗದೆ ನೀರಿಗೆ ಇಳಿಸಕೂಡದು. ಎರಡು ಮಳೆಗಾಲ ಕಳೆದ ಮೇಲೆ ಎಷ್ಟು ಚೀಲಕ್ಕೆ ಮರಿ ಹತ್ತಿತು, ಎಷ್ಟು ಹೂಳಿನಲ್ಲಿ ಮುಚ್ಚಿತು ಎಂದು ಎಣಿಸಿ ಊರಿನವರ ಮುಂದೆ ಇಡಲಿ. ಮರಿ ಹತ್ತದಿದ್ದರೆ ಅಲ್ಲಿಗೆ ಬಿಡೋಣ.

ಇದನ್ನು ಕಡಲ್ಕೊರೆತಕ್ಕೆ ಮದ್ದೆಂದು ಯಾರೂ ಮಾರಬಾರದೆಂಬ ಮಾತನ್ನೂ ಸೇರಿಸುತ್ತೇನೆ. ಅಳಿವೆಯೊಳಗಿನ ಸಣ್ಣ ತೆರೆಗೆ ಕಲ್ವದ ದಿಬ್ಬ ಅಡ್ಡ ನಿಂತೀತು, ಗಜನಿಯ ಕಟ್ಟಿನ ಬುಡ ಸವೆಯುವುದನ್ನು ತಗ್ಗಿಸೀತು. ಆಷಾಢದಲ್ಲಿ ತೆರೆದ ಕಡಲು ಬಡಿಯುವ ಕಡೆಗಳಲ್ಲಿ ಚಿಪ್ಪಿನ ಚೀಲ ಒಂದು ದಿನವೂ ನಿಲ್ಲದು.

ನವೆಂಬರಿನ ಮರಿಗೆ ಚಿಪ್ಪು ಸಿದ್ಧವಿರಬೇಕಾದರೆ ಬಿಸಿಲಿಗೆ ಹರಡುವ ಕೆಲಸ ಹಿಂದಿನ ವರ್ಷವೇ ಆಗಿರಬೇಕು. ನಮ್ಮ ಹಿತ್ತಿಲಿನಲ್ಲಿ ತೆಂಗಿನ ಬುಡಕ್ಕೆಂದು ತಂದು ಹಾಕಿಸಿದ್ದ ಸುಮಾರು ನಲವತ್ತು ಬುಟ್ಟಿ ಕಲ್ವದ ಚಿಪ್ಪು ಎರಡು ಮಳೆಗಾಲ ತೊಳೆದು, ಎರಡು ಬೇಸಿಗೆ ಒಣಗಿ ಬೆಳ್ಳಗಾಗಿದೆ. ಇಲಾಖೆಯವರಾಗಲಿ ಸಂಶೋಧನಾ ಕೇಂದ್ರದವರಾಗಲಿ ಒಯ್ಯುವುದಾದರೆ ಗಾಡಿಯ ಬಾಡಿಗೆ ನಾನೇ ಕೊಡುತ್ತೇನೆ. ಎಷ್ಟು ಬುಟ್ಟಿ ಎಂದು ಒಂದು ರಸೀದಿ ಬರೆದುಕೊಟ್ಟರೆ ಸಾಕು.

ಇತಿ,
ತಮ್ಮ ವಿಶ್ವಾಸಿ,
ಕುಮಟಾ ತಾಲ್ಲೂಕಿನ ಒಬ್ಬ ಓದುಗ